ಒರೆಸಿದಷ್ಟೂ ಮರಳುವ ಕುಕಿಗಳು

ಹೊಸಕೆರೆಹಳ್ಳಿಯ ಯಾವುದಾದರೊಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಹಜಾರದ ಮೂಲೆಯಲ್ಲಿ ಒಂದು ಕಂಪ್ಯೂಟರ್, ಮನೆಮಂದಿಗೆಲ್ಲ ಅದೊಂದೇ. ಬೆಳಿಗ್ಗೆ ಅಪ್ಪ ಅದರಲ್ಲಿ ವಿದ್ಯುತ್ ಬಿಲ್ಲು ಕಟ್ಟುತ್ತಾರೆ. ಮಧ್ಯಾಹ್ನ ಅಮ್ಮ ಮಂಡಿನೋವಿಗೆ ಯಾವ ವ್ಯಾಯಾಮ ಒಳ್ಳೆಯದೆಂದು ಹುಡುಕುತ್ತಾರೆ. ಸಂಜೆ ಪಿಯುಸಿ ಓದುವ ಮಗಳು ಸಿಇಟಿಯ ಹಳೆಯ ಪ್ರಶ್ನೆಪತ್ರಿಕೆ ತೆರೆಯುತ್ತಾಳೆ, ಎಂಟನೆಯ ತರಗತಿಯ ಮಗ ಕ್ರಿಕೆಟ್ ಆಟ ಇಳಿಸಿಕೊಳ್ಳುತ್ತಾನೆ. ಮರುದಿನ ಮಗಳು ಭೌತಶಾಸ್ತ್ರದ ಪುಟ ತೆರೆದರೆ ಪಕ್ಕದಲ್ಲಿ ಮಂಡಿಗೆ ಕಟ್ಟುವ ಪಟ್ಟಿಯ ಜಾಹೀರಾತು! ಅಪ್ಪ ಸುದ್ದಿ ಓದಲು ಕುಳಿತರೆ ದೂರದ ಊರಿನ ಹಾಸ್ಟೆಲುಗಳ ಜಾಹೀರಾತು. ಮಗಳು ಬೆಂಗಳೂರು ಬಿಟ್ಟು ಓದಲು ಹೋಗುವ ಯೋಚನೆಯಲ್ಲಿದ್ದಾಳೆಂದು ಅಪ್ಪನಿಗೆ ತಿಳಿಯುವುದೇ ಹೀಗೆ. ಅವಳಿನ್ನೂ ಮನೆಯಲ್ಲಿ ಬಾಯಿಬಿಟ್ಟಿರುವುದಿಲ್ಲ.

ಗೊತ್ತಿದ್ದವರನ್ನು ಕೇಳಿದರೆ ಒಂದೇ ಉತ್ತರ: ‘ಕುಕಿ ಅಳಿಸಿಬಿಡಿ.’ ಅಳಿಸುತ್ತೀರಿ. ಎರಡು ದಿನ ಪರದೆ ಶುಭ್ರ. ಮೂರನೆಯ ದಿನ ಮಂಡಿಪಟ್ಟಿ ಮತ್ತೆ ಹಾಜರು. ಹಾಗಾದರೆ ಕುಕಿ ಅಳಿಯಲಿಲ್ಲವೆ? ಅಳಿಯಿತು. ಮತ್ತೆ ಬಂದದ್ದು ಹೇಗೆ? ಇದಕ್ಕೆ ಕಾರಣಗಳು ಹಲವು. ಕೆಲವಕ್ಕೆ ಮದ್ದು ನಿಮ್ಮ ಬೆರಳ ತುದಿಯಲ್ಲೇ ಇದೆ. ಕೆಲವಕ್ಕೆ ಕಾಯಿದೆಯೇ ಬೇಕು.

ಚಪ್ಪಲಿ ಬಿಲ್ಲೆಯ ಲೆಕ್ಕ

ಬೇಕರಿಯ ಬಿಸ್ಕತ್ತಿಗೂ ಕಂಪ್ಯೂಟರಿನ ಕುಕಿಗೂ ಹೆಸರೊಂದನ್ನು ಬಿಟ್ಟರೆ ಬೇರೆ ಸಂಬಂಧವಿಲ್ಲ. ಹಬ್ಬದ ದಿನ ದೇವಸ್ಥಾನಕ್ಕೆ ಹೋದಾಗ ಚಪ್ಪಲಿ ಬಿಡುವಲ್ಲಿ ಒಂದು ಬಿಲ್ಲೆ ಕೊಡುತ್ತಾರಲ್ಲ, ಅದನ್ನು ನೆನೆಸಿಕೊಳ್ಳಿ. ಬಿಲ್ಲೆಯ ಮೇಲೆ ನಿಮ್ಮ ಹೆಸರಿಲ್ಲ, ಊರಿಲ್ಲ. 147 ಎಂದೋ 212 ಎಂದೋ ಒಂದು ಅಂಕಿ, ಅಷ್ಟೆ. ಅದನ್ನು ನೋಡಿ ನಿಮಗೇನೂ ತಿಳಿಯದು. ಯಾವ ಗೂಡಿನಲ್ಲಿ ಯಾರ ಜೋಡು ಎಂಬುದು ಬಿಲ್ಲೆ ಕೊಟ್ಟವನಿಗೆ ಮಾತ್ರ ಗೊತ್ತು.

ಕುಕಿಯೂ ಹೀಗೆಯೇ. ನೀವೊಂದು ಜಾಲತಾಣಕ್ಕೆ ಹೋದಾಗ ಅದು ನಿಮ್ಮ ಬ್ರೌಸರಿನ ಕೈಗೆ ಒಂದು ಪುಟ್ಟ ಚೀಟಿ ಕೊಡುತ್ತದೆ. ಬ್ರೌಸರ್ ಅದನ್ನು ನಿಮ್ಮ ಕಂಪ್ಯೂಟರಿನಲ್ಲೇ ಜೋಪಾನವಾಗಿಟ್ಟು, ಮುಂದಿನ ಸಲ ಅದೇ ತಾಣಕ್ಕೆ ಹೋದಾಗ ತೆಗೆದು ತೋರಿಸುತ್ತದೆ. ಇದು ವೈರಸ್ ಅಲ್ಲ, ತಾನಾಗಿ ಓಡುವ ತಂತ್ರಾಂಶವೂ ಅಲ್ಲ, ಬರೇ ಅಕ್ಷರಗಳ ಸಾಲು. ಗಾತ್ರವೂ ಸಣ್ಣದೇ, ಸುಮಾರು 4096 ಬೈಟುಗಳ ಮಿತಿ. ಯೂನಿಕೋಡಿನ ರೂಢಿಯ ಲಿಪಿಜೋಡಣೆಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು ಬೇಕಾಗುವುದರಿಂದ ಈ ಲೇಖನದ ನಾಲ್ಕಾರು ಪ್ಯಾರಾ ಕೂಡ ಅದರಲ್ಲಿ ಹಿಡಿಸಲಾರದು.

ಇಂಥದ್ದೊಂದು ಚೀಟಿ ಏಕೆ ಬೇಕಾಯಿತು? ವಿಶ್ವವ್ಯಾಪಿ ಜಾಲಕ್ಕೆ ಹುಟ್ಟಿನಿಂದಲೇ ಮರೆವಿನ ರೋಗ. ನೀವು ಕೇಳಿದ ಪುಟ ಕೊಟ್ಟ ಮರುಕ್ಷಣ ನೀವು ಯಾರೆಂಬುದು ಅದಕ್ಕೆ ನೆನಪಿರುವುದಿಲ್ಲ. ಪ್ರವೇಶ ಪರೀಕ್ಷೆಯ ಅರ್ಜಿಯ ಮೊದಲ ಪುಟ ತುಂಬಿ ಎರಡನೆಯ ಪುಟಕ್ಕೆ ಹೋದವರು ನೀವೇ ಎಂದು ಗುರುತಿಡಲು ಏನಾದರೊಂದು ಬೇಕು. 1994ರಲ್ಲಿ ಅಮೆರಿಕದ ನೆಟ್‌ಸ್ಕೇಪ್ ಕಂಪನಿಯಲ್ಲಿ ಲೂ ಮಾಂಟುಲಿ ಎಂಬ ಯುವಕ ಇದೇ ತೊಡಕಿಗೆ ಉಪಾಯ ಹುಡುಕುತ್ತಿದ್ದ. ಜಾಲದಲ್ಲಿ ಅಂಗಡಿ ತೆರೆಯಹೊರಟಿದ್ದ ಗಿರಾಕಿ ಸಂಸ್ಥೆಯೊಂದಕ್ಕೆ, ಕೊಳ್ಳುವವರ ಬುಟ್ಟಿಯಲ್ಲಿ ಏನೇನಿದೆ ಎಂಬ ಲೆಕ್ಕ ಇಡಬೇಕಿತ್ತು. ಯೂನಿಕ್ಸ್ ಬಲ್ಲ ಎಂಜಿನಿಯರುಗಳಲ್ಲಿ ‘ಮ್ಯಾಜಿಕ್ ಕುಕಿ’ ಎಂಬ ಮಾತು ಮೊದಲೇ ಬಳಕೆಯಲ್ಲಿತ್ತು. ಅದೇ ಹೆಸರು ಈ ಚೀಟಿಗೂ ಅಂಟಿಕೊಂಡಿತು. ಇಲ್ಲೊಂದು ಸ್ವಾರಸ್ಯವಿದೆ. ಪ್ರತಿ ಬ್ರೌಸರಿಗೂ ಒಂದು ಶಾಶ್ವತ ಸಂಖ್ಯೆ ಕೊಟ್ಟುಬಿಡುವುದು ಸುಲಭವಾಗಿತ್ತು. ಹಾಗೆ ಮಾಡಿದರೆ ಎಲ್ಲ ತಾಣಗಳೂ ಸೇರಿ ಒಬ್ಬನನ್ನು ಬೆನ್ನುಹತ್ತಬಹುದೆಂದೇ ಮಾಂಟುಲಿ ಅದನ್ನು ಬಿಟ್ಟು, ಕೊಟ್ಟ ತಾಣಕ್ಕೆ ಮಾತ್ರ ಮರಳಿ ತೋರಿಸುವ ಚೀಟಿಯನ್ನು ಆರಿಸಿಕೊಂಡ.

ಬೆನ್ನುಹತ್ತುವವರು ಅದಕ್ಕೂ ದಾರಿ ಕಂಡುಕೊಂಡರು. ಬನಶಂಕರಿ ದೇವಸ್ಥಾನ, ಗವಿಗಂಗಾಧರೇಶ್ವರ, ದೊಡ್ಡ ಗಣಪತಿ ಮೂರೂ ಕಡೆ ಚಪ್ಪಲಿ ಕಾಯುವ ಗುತ್ತಿಗೆ ಒಬ್ಬನಿಗೇ ಸಿಕ್ಕಿದೆ ಎಂದುಕೊಳ್ಳಿ. ಎಲ್ಲ ಕಡೆಯೂ ಅವನು ನಿಮ್ಮ ಹಳೆಯ ಬಿಲ್ಲೆಯನ್ನೇ ಕೇಳುತ್ತಾನೆ. ವರ್ಷ ಕಳೆಯುವುದರಲ್ಲಿ, ನಿಮ್ಮ ಹೆಸರು ಗೊತ್ತಿಲ್ಲದಿದ್ದರೂ, 147ನೆಯ ನಂಬರಿನವರು ಯಾವ ವಾರ ಯಾವ ದೇವರಿಗೆ ಹೋಗುತ್ತಾರೆ, ಯಾವಾಗ ಹೊಸ ಜೋಡು ಕೊಂಡರು ಎಂಬುದೆಲ್ಲ ಅವನ ಪುಸ್ತಕದಲ್ಲಿರುತ್ತದೆ. ಜಾಲದಲ್ಲಿ ಈ ಗುತ್ತಿಗೆ ಹಿಡಿದವರು ಜಾಹೀರಾತು ಕಂಪನಿಗಳು. ಸುದ್ದಿತಾಣದಲ್ಲೂ ಅಡುಗೆತಾಣದಲ್ಲೂ ಪರೀಕ್ಷಾ ತಯಾರಿಯ ತಾಣದಲ್ಲೂ ಜಾಹೀರಾತಿನ ಚೌಕ ಮಾತ್ರ ಒಂದೇ ಕಂಪನಿಯದ್ದಾದರೆ, ಎಲ್ಲ ಕಡೆಯೂ ಅದರ ಚೀಟಿಯೇ ಓಡಾಡುತ್ತದೆ. ಇವನ್ನು ಮೂರನೆಯವರ ಕುಕಿಗಳೆನ್ನುತ್ತಾರೆ, ‘ಥರ್ಡ್ ಪಾರ್ಟಿ ಕುಕಿ’. ಮನೆಯ ಕಂಪ್ಯೂಟರಿಗೆ ಅಪ್ಪ, ಅಮ್ಮ, ಮಕ್ಕಳೆಂಬ ಭೇದವಿಲ್ಲ. ನಾಲ್ವರೂ ಒಂದೇ ಬ್ರೌಸರ್ ಬಳಸಿದರೆ ನಾಲ್ವರದ್ದೂ ಒಂದೇ ಬಿಲ್ಲೆ. ಅಮ್ಮನ ಮಂಡಿ ಮಗಳ ಭೌತಶಾಸ್ತ್ರಕ್ಕೆ ಬಂದದ್ದು ಹೀಗೆ.

ಹೂಳೆತ್ತುವುದು, ಕಾಲುವೆ ಕಟ್ಟುವುದು

ಹೊಸಕೆರೆಹಳ್ಳಿಯವರಿಗೆ ಕೆರೆಯ ವಿಚಾರ ಬಿಡಿಸಿ ಹೇಳಬೇಕಿಲ್ಲ. ಊರಿನ ಹೆಸರಿನಲ್ಲೇ ಕೆರೆಯಿದೆ. ಹೂಳು ಎತ್ತಿದ ಮಾತ್ರಕ್ಕೆ ಕೆರೆ ಶುದ್ಧವಾಗುವುದಿಲ್ಲ, ರಾಜಕಾಲುವೆಯಲ್ಲಿ ಬರುವ ಕೊಳಚೆಯನ್ನೂ ತಡೆಯಬೇಕು. ಕುಕಿ ಅಳಿಸುವವರಲ್ಲಿ ಹೆಚ್ಚಿನವರು ಹೂಳನ್ನಷ್ಟೇ ಎತ್ತುತ್ತಾರೆ.

ಅದನ್ನಾದರೂ ಸರಿಯಾಗಿ ಎತ್ತೋಣ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಯಾವುದೇ ಇರಲಿ, ಕಂಟ್ರೋಲ್, ಶಿಫ್ಟ್, ಡಿಲೀಟ್ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅಳಿಸುವ ಕಿಟಕಿ ತೆರೆಯುತ್ತದೆ. ಬಹುತೇಕರು ಎಡವುವುದು ಇಲ್ಲೇ. ಎಷ್ಟು ಕಾಲದ್ದನ್ನು ಅಳಿಸಬೇಕು ಎಂಬ ಕಡೆ ‘ಕೊನೆಯ ಒಂದು ಗಂಟೆ’ ಎಂಬಂಥದ್ದೇನೋ ಮೊದಲೇ ಆಯ್ಕೆಯಾಗಿರುತ್ತದೆ. ಅದನ್ನು ಗಮನಿಸದೆ ಗುಂಡಿ ಒತ್ತಿದರೆ ಹೋಗುವುದು ಆ ಒಂದು ಗಂಟೆಯ ಕುಕಿ ಮಾತ್ರ, ವರ್ಷದ ಹಿಂದಿನದು ಹಾಗೆಯೇ ಕುಳಿತಿರುತ್ತದೆ. ‘ಆಲ್ ಟೈಮ್’ ಎಂಬುದನ್ನು ಆರಿಸಬೇಕು. (ಫೈರ್‌ಫಾಕ್ಸಿನಲ್ಲಿ ಇದು ‘ಎವೆರಿಥಿಂಗ್’.) ‘ಕುಕೀಸ್ ಅಂಡ್ ಅದರ್ ಸೈಟ್ ಡೇಟಾ’ ಎಂಬಲ್ಲಿ ಗುರುತಿರಲಿ. ಪಾಸ್‌ವರ್ಡ್ ಎಂಬಲ್ಲಿ ಇರುವ ಗುರುತನ್ನು ಮಾತ್ರ ಮರೆಯದೆ ತೆಗೆಯಿರಿ. ಇಲ್ಲವಾದರೆ ಉಳಿಸಿಟ್ಟ ಗುಪ್ತಪದಗಳೆಲ್ಲ ಒಂದೇ ಏಟಿಗೆ ಹೋಗಿ, ಸಂಜೆ ಮನೆಯಲ್ಲಿ ಇನ್ನೊಂದು ಬಗೆಯ ರಗಳೆ ಶುರುವಾಗುತ್ತದೆ.

ಅಳಿಸುವ ಮೊದಲು ತೆರೆದಿರುವ ತಾಣಗಳನ್ನೆಲ್ಲ ಮುಚ್ಚಿ. ತೆರೆದಿಟ್ಟ ಪುಟ, ನೀವು ಹಳೆಯ ಚೀಟಿ ಹರಿದ ಮರುಕ್ಷಣವೇ ಹೊಸದನ್ನು ಬರೆದುಕೊಡಬಲ್ಲದು. ‘ಹಿಂದಿನ ಸಲ ಎಲ್ಲಿ ಬಿಟ್ಟೆವೋ ಅಲ್ಲಿಂದಲೇ ಮುಂದುವರಿಸು’ ಎಂಬ ಸೌಲಭ್ಯವನ್ನು ಕೆಲವರು ಬ್ರೌಸರಿನಲ್ಲಿ ಆರಿಸಿಟ್ಟುಕೊಂಡಿರುತ್ತಾರೆ. ಬ್ರೌಸರ್ ಮುಚ್ಚಿದೊಡನೆ ತಾವಾಗಿ ಅಳಿಯಬೇಕಾದ ಕುಕಿಗಳು ಈ ಸೌಲಭ್ಯದ ದೆಸೆಯಿಂದ ಅಳಿಯದೆ ಉಳಿಯುತ್ತವೆ. ಇನ್ನು, ಒಂದೇ ಕಂಪ್ಯೂಟರಿನಲ್ಲಿ ಕ್ರೋಮ್ ಮತ್ತು ಎಡ್ಜ್ ಎರಡೂ ಇದ್ದರೆ ಎರಡಕ್ಕೂ ಬೇರೆಬೇರೆ ಡಬ್ಬ. ಒಂದನ್ನು ತೊಳೆದರೆ ಇನ್ನೊಂದು ತೊಳೆದಂತಾಗಲಿಲ್ಲ. ಕ್ರೋಮಿಗೇ ಗೂಗಲ್ ಖಾತೆಯಿಂದ ಒಳಹೋಗಿದ್ದರೆ, ಕುಕಿ ಅಳಿಸಿದ ಮೇಲೂ ಆ ಖಾತೆಯಿಂದ ನೀವು ಹೊರಬರುವುದಿಲ್ಲ. ಅದನ್ನು ಆ ಕಿಟಕಿಯಲ್ಲೇ ಸಣ್ಣ ಅಕ್ಷರದಲ್ಲಿ ಬರೆದೂ ಇರುತ್ತಾರೆ. ಓದುವವರು ಯಾರು?

ಒಂದೇ ತಾಣ ಕಾಟ ಕೊಡುತ್ತಿದ್ದರೆ ಮನೆಯೆಲ್ಲ ಗುಡಿಸುವ ಅಗತ್ಯವಿಲ್ಲ. ವಿಳಾಸದ ಪಟ್ಟಿಯ ಎಡತುದಿಯಲ್ಲಿರುವ ಪುಟ್ಟ ಚಿಹ್ನೆಯನ್ನು ಒತ್ತಿ, ಕುಕಿಗಳ ವಿಭಾಗಕ್ಕೆ ಹೋಗಿ, ಆ ತಾಣದ ಹೆಸರಿನ ಮುಂದಿರುವ ಕಸದಬುಟ್ಟಿಯನ್ನು ಒತ್ತಿದರೆ ಸಾಕು. ಅರ್ಜಿ ತುಂಬುವಾಗ ‘ಸೆಷನ್ ಮುಗಿದಿದೆ’ ಎಂದು ಮತ್ತೆಮತ್ತೆ ಹೊರದೂಡುವ ತಾಣಗಳಿಗೆ ಬಹಳ ಸಲ ಇಷ್ಟೇ ಮದ್ದು.

ಈಗ ಕಾಲುವೆ. ಆಪಲ್‌ನ ಸಫಾರಿ 2020ರಿಂದ ಮೂರನೆಯವರ ಕುಕಿಗಳನ್ನು ಸಾರಾಸಗಟಾಗಿ ತಡೆಯುತ್ತಿದೆ. ಫೈರ್‌ಫಾಕ್ಸ್ 2022ರಿಂದ ಪ್ರತಿ ತಾಣದ ಕುಕಿಗೂ ಪ್ರತ್ಯೇಕ ಡಬ್ಬವಿಟ್ಟು, ಒಂದರ ಡಬ್ಬಕ್ಕೆ ಇನ್ನೊಂದು ಕೈಹಾಕದಂತೆ ಮಾಡಿದೆ. ಕ್ರೋಮಿನ ಒಡೆಯ ಗೂಗಲ್ ಕೂಡ 2020ರಲ್ಲಿ ಇವುಗಳಿಗೆ ಎರಡು ವರ್ಷದೊಳಗೆ ಮುಕ್ತಾಯ ಹಾಡುವುದಾಗಿ ಸಾರಿತು. ಗಡುವನ್ನು ಮುಂದೂಡುತ್ತ ಬಂದು, 2024ರ ಜುಲೈಯಲ್ಲಿ ಆ ಯೋಚನೆಯನ್ನೇ ಕೈಬಿಟ್ಟಿತು. ಜಾಹೀರಾತಿನಿಂದಲೇ ಬದುಕುವ ಕಂಪನಿಯ ಕೈಯಲ್ಲಿ ಜಾಹೀರಾತಿನ ಕುಕಿಗೆ ಕತ್ತರಿ ಕೊಟ್ಟರೆ ಇನ್ನೇನಾದೀತು? ಆದ್ದರಿಂದ ಕ್ರೋಮ್ ಬಳಸುವವರು ಸೆಟ್ಟಿಂಗ್ಸ್‌ಗೆ ಹೋಗಿ, ‘ಪ್ರೈವೆಸಿ ಅಂಡ್ ಸೆಕ್ಯುರಿಟಿ’ ವಿಭಾಗದಲ್ಲಿ ಮೂರನೆಯವರ ಕುಕಿಗಳನ್ನು ತಡೆಯುವ ಆಯ್ಕೆಯನ್ನು ತಮ್ಮ ಕೈಯಾರೆ ಒತ್ತಬೇಕು. ಅರ್ಧ ನಿಮಿಷದ ಕೆಲಸ. ಇಡೀ ಲೇಖನದಲ್ಲಿ ಒಂದೇ ಕೆಲಸ ಮಾಡುವುದಿದ್ದರೆ ಇದನ್ನು ಮಾಡಿ ಎನ್ನುತ್ತೇನೆ.

ಬಲಗಡೆ ಕೆಳಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ’ ಎಂದು ಪುಟಿದೇಳುವ ಚೌಕಗಳಿಗೂ ಕುಕಿಗೂ ನಂಟಿಲ್ಲ. ಯಾವುದೋ ತಾಣ ‘ಅಲೋ’ ಒತ್ತಿ ಎಂದಾಗ ಮನೆಯಲ್ಲಿ ಯಾರೋ ಒತ್ತಿರುತ್ತಾರೆ. ಸೆಟ್ಟಿಂಗ್ಸ್‌ನ ‘ನೋಟಿಫಿಕೇಷನ್ಸ್’ ಪಟ್ಟಿಯಿಂದ ಆ ತಾಣದ ಹೆಸರನ್ನು ತೆಗೆಯದೆ ಕುಕಿಯನ್ನು ನೂರು ಸಲ ಅಳಿಸಿದರೂ ಅದು ನಿಲ್ಲದು.

ಹಾಗೆಂದು ‘ಎಲ್ಲವನ್ನೂ ನಾವೇ ಶುಚಿ ಮಾಡುತ್ತೇವೆ’ ಎನ್ನುವ ತಂತ್ರಾಂಶಗಳನ್ನು ತಂದು ತುಂಬಬೇಡಿ. ಅವಾಸ್ಟ್ ಎಂಬ ಹೆಸರಾಂತ ಕಂಪನಿ, ಬೆನ್ನುಹತ್ತುವ ಕುಕಿಗಳಿಂದ ಕಾಪಾಡುತ್ತೇವೆಂದು ಹೇಳಿಕೊಳ್ಳುತ್ತಲೇ ಬಳಕೆದಾರರು ಜಾಲದಲ್ಲಿ ಎಲ್ಲೆಲ್ಲಿ ಓಡಾಡಿದರೆಂಬ ವಿವರಗಳನ್ನು ಮಾರಿದ ಆರೋಪಕ್ಕೆ ಗುರಿಯಾಯಿತು. ಅಮೆರಿಕದ ವ್ಯಾಪಾರ ಆಯೋಗ 2024ರಲ್ಲಿ ಅದಕ್ಕೆ 1.65 ಕೋಟಿ ಡಾಲರ್ ತೆರುವಂತೆ ಮಾಡಿತು. ಬೇಲಿಯೇ ಹೊಲ ಮೇಯ್ದ ಕಥೆ.

ಸತ್ತು ಹುಟ್ಟಿದ ಕುಕಿಗಳು

ನಿಜವಾದ ಹಟಮಾರಿ ಕುಕಿಗಳ ಕಾಲವೊಂದಿತ್ತು. ಆಗ ಜಾಲದಲ್ಲಿ ಚಲನಚಿತ್ರ, ಆಟ ಎಲ್ಲ ನಡೆಯುತ್ತಿದ್ದದ್ದು ಅಡೋಬಿಯ ಫ್ಲ್ಯಾಶ್ ಎಂಬ ತಂತ್ರಾಂಶದ ಮೂಲಕ. ಅದಕ್ಕೆ ತನ್ನದೇ ಚೀಟಿ ಇಡುವ ಗೂಡು ಇತ್ತು, ಬ್ರೌಸರಿನ ಡಬ್ಬದಿಂದ ಹೊರಗೆ. ನೀವು ಬ್ರೌಸರಿನ ಕುಕಿ ಅಳಿಸಿದರೆ, ಫ್ಲ್ಯಾಶ್ ಗೂಡಿನಲ್ಲಿದ್ದ ನಕಲು ನೋಡಿ ತಾಣ ಅದೇ ಸಂಖ್ಯೆಯನ್ನು ಮತ್ತೆ ಬರೆದಿಡುತ್ತಿತ್ತು. 2009ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು 100 ಜನಪ್ರಿಯ ತಾಣಗಳನ್ನು ಪರೀಕ್ಷಿಸಿದಾಗ ಅರ್ಧಕ್ಕೂ ಹೆಚ್ಚು ತಾಣಗಳು ಫ್ಲ್ಯಾಶ್ ಗೂಡನ್ನು ಬಳಸುತ್ತಿದ್ದುದು ಕಂಡುಬಂತು. ಕೆಲವು, ಸತ್ತ ಕುಕಿಗೆ ಮರುಜೀವ ಕೊಡುತ್ತಲೂ ಇದ್ದವು. ಮರುವರ್ಷ ಸ್ಯಾಮಿ ಕಮ್ಕಾರ್ ಎಂಬಾತ ಒಂದೇ ಸಂಖ್ಯೆಯನ್ನು ಕಂಪ್ಯೂಟರಿನ ಹಲವು ಕಡೆ ಬಚ್ಚಿಟ್ಟು, ಒಂದು ಕಡೆ ಅಳಿದರೆ ಇನ್ನೊಂದು ಕಡೆಯಿಂದ ಚಿಗುರಿಸುವ ‘ಎವರ್‌ಕುಕಿ’ಯನ್ನು ಬರೆದು, ಅಪಾಯ ಎಷ್ಟಿದೆಯೆಂದು ಜಗತ್ತಿಗೆ ತೋರಿಸಿದ. ರಕ್ತಬೀಜಾಸುರನ ಸಂತತಿಯೇ ಸರಿ! ಫ್ಲ್ಯಾಶ್ 2020ರ ಕೊನೆಗೆ ಕಣ್ಮುಚ್ಚಿತು. ಈಗಿನ ಬ್ರೌಸರುಗಳು ‘ಸೈಟ್ ಡೇಟಾ’ ಎಂದು ಅಳಿಸುವುದರಲ್ಲಿ ಕುಕಿಯ ಜೊತೆಗೆ ತಾಣಗಳು ಬಚ್ಚಿಟ್ಟ ಇತರ ದಾಸ್ತಾನೂ ಸೇರಿರುತ್ತದೆ.

ಆದರೆ ಬಿಲ್ಲೆಯೇ ಇಲ್ಲದೆ ಗುರುತು ಹಿಡಿಯುವ ವಿದ್ಯೆಯೂ ಬೆಳೆದಿದೆ. ನಿಮ್ಮ ಪರದೆಯ ಅಳತೆ, ಅಕ್ಷರಶೈಲಿಗಳ ಪಟ್ಟಿ, ಬ್ರೌಸರಿನ ಆವೃತ್ತಿ, ಗಡಿಯಾರದ ವಲಯ ಇವನ್ನೆಲ್ಲ ಕೂಡಿಸಿದರೆ ಬೆರಳಚ್ಚಿನಂಥದ್ದೇ ಒಂದು ಗುರುತು ಸಿಗುತ್ತದೆ. 2010ರಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ ನಡೆಸಿದ ಪ್ರಯೋಗದಲ್ಲಿ ನೂರಕ್ಕೆ 83.6ರಷ್ಟು ಬ್ರೌಸರುಗಳು ಉಳಿದವುಗಳಿಂದ ಪ್ರತ್ಯೇಕವಾಗಿ ಗುರುತಿಸುವಂತಿದ್ದವು. ಅಳಿಸಲು ಅಲ್ಲಿ ಚೀಟಿಯೇ ಇಲ್ಲ. ಇದರ ಮೇಲೆ, ಮನೆಯ ಒಂದೇ ವೈ-ಫೈಗೆ ಸೇರಿದ ಕಂಪ್ಯೂಟರ್, ಫೋನು, ಟಿವಿ ಎಲ್ಲವೂ ಹೊರಗಿನವರಿಗೆ ಸಾಮಾನ್ಯವಾಗಿ ಒಂದೇ ವಿಳಾಸದಿಂದ ಬಂದಂತೆ ಕಾಣುತ್ತವೆ. ‘ಇನ್‌ಕಾಗ್ನಿಟೊ’ ಎಂಬ ಕಪ್ಪು ಕಿಟಕಿ ನಿಮ್ಮ ಓಡಾಟವನ್ನು ಮನೆಯವರಿಂದ ಮುಚ್ಚಿಡುತ್ತದೆಯೇ ಹೊರತು ತಾಣಗಳಿಂದಲ್ಲ. ಈ ಕಿಟಕಿಯ ಕುರಿತು 2020ರಲ್ಲಿ ಹೂಡಿದ್ದ ಮೊಕದ್ದಮೆಯ ರಾಜಿಯಲ್ಲಿ, 2024ರಲ್ಲಿ ಗೂಗಲ್ ಕೋಟಿಗಟ್ಟಲೆ ದಾಖಲೆಗಳನ್ನು ನಾಶಮಾಡಲು ಒಪ್ಪಬೇಕಾಯಿತು. ಅಷ್ಟು ದಾಖಲೆ ಕೂಡಿತ್ತೆಂಬುದೇ ಇಲ್ಲಿ ತಿಳಿಯಬೇಕಾದ ಸಂಗತಿ.

ಪುಸ್ತಕ ಅವರ ಬಳಿ

ಇಲ್ಲಿಗೆ ಮಂಡಿಪಟ್ಟಿಯ ಗುಟ್ಟು ಹೊರಬೀಳುತ್ತದೆ. ನೀವು ಹರಿದದ್ದು ಬಿಲ್ಲೆಯನ್ನು. ಬಿಲ್ಲೆ ಕೊಟ್ಟವನ ಲೆಕ್ಕದ ಪುಸ್ತಕ ಅವನ ಮೇಜಿನ ಮೇಲೆ ಹಾಗೆಯೇ ಇದೆ. ಅಮ್ಮ ಮತ್ತೆ ತಮ್ಮ ಖಾತೆಯಿಂದ ಒಳಹೋದೊಡನೆ ಹೊಸ ಬಿಲ್ಲೆ ಹಳೆಯ ಪುಟಕ್ಕೇ ಜೋಡಣೆಯಾಗುತ್ತದೆ. ಗೂಗಲ್ ಮಟ್ಟಿಗಾದರೆ ‘ಮೈ ಆ್ಯಕ್ಟಿವಿಟಿ’ ಎಂಬ ಪುಟದಲ್ಲಿ ಆ ಪುಸ್ತಕದ ಒಂದು ಭಾಗವನ್ನು ನೀವೇ ನೋಡಿ ಅಳಿಸಬಹುದು, ಇಂತಿಷ್ಟು ತಿಂಗಳಿಗೊಮ್ಮೆ ತಾನಾಗಿ ಅಳಿಯುವಂತೆಯೂ ಮಾಡಬಹುದು. ಮೊದಲ ಸಲ ಅದನ್ನು ತೆರೆದವರು ವರ್ಷಗಳ ಹಿಂದೆ ತಾವೇನು ಹುಡುಕಿದ್ದೆವೆಂದು ಕಂಡು ಬೆಚ್ಚುವುದುಂಟು. ಆದರೆ ನೀವು ಹೆಸರೇ ಕೇಳಿರದ ಜಾಹೀರಾತು ಕಂಪನಿಗಳ ಪುಸ್ತಕ ಎಲ್ಲಿದೆಯೆಂದು ಹುಡುಕುತ್ತೀರಿ?

ಈ ಪ್ರಶ್ನೆಗೆ ಬೆಂಗಳೂರಿನ ಹಿರಿಯರೊಬ್ಬರಿಂದಾಗಿ ಅರ್ಧ ಉತ್ತರ ದೊರೆತಿದೆ. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಗಳಾಗಿ ನಿವೃತ್ತರಾಗಿದ್ದ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠ, ಖಾಸಗಿತನ ಪ್ರತಿಯೊಬ್ಬನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಆಧಾರದ ಮೊಕದ್ದಮೆಯಾದರೂ ಆ ತೀರ್ಪಿನಲ್ಲಿ ಈ ಕುಕಿಗಳ ಪ್ರಸ್ತಾಪವೇ ಇದೆ. ಜಾಲತಾಣಗಳು ಬಳಕೆದಾರನ ಬ್ರೌಸರಿನಲ್ಲಿ ಕುಕಿ ಇಟ್ಟು ಅವನ ನಡೆಯನ್ನು ಗುರುತಿಸುತ್ತವೆ, ಅವನ ಹೆಜ್ಜೆಗುರುತುಗಳು ಅವನಿಗೆ ತಿಳಿಯದಂತೆ ಉಳಿಯುತ್ತವೆ ಎಂಬುದನ್ನು ನ್ಯಾಯಮೂರ್ತಿ ಚಂದ್ರಚೂಡ್ ಅವರ ಬರಹ ಗಮನಿಸಿತ್ತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ತೀರ್ಪಿನ ಬೆನ್ನಿಗೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಜಾರಿಯಾಗಲು ಅಲ್ಲಿಂದ 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ತಂದೆತಾಯಿಗಳು ನೋಡಬೇಕಾದದ್ದು 9ನೆಯ ಕಲಮನ್ನು. 18 ವರ್ಷ ತುಂಬದವರೆಲ್ಲ ಈ ಕಾಯಿದೆಯ ಕಣ್ಣಿನಲ್ಲಿ ಮಕ್ಕಳೇ. ಅವರ ಮಾಹಿತಿ ಬಳಸಲು ಹೆತ್ತವರ ಖಚಿತ ಒಪ್ಪಿಗೆ ಬೇಕು. ಮಕ್ಕಳ ನಡೆಯ ಜಾಡು ಹಿಡಿಯುವುದನ್ನೂ ಅವರತ್ತ ಗುರಿಯಿಟ್ಟು ಜಾಹೀರಾತು ಹರಿಸುವುದನ್ನೂ ಅದು ನಿಷೇಧಿಸುತ್ತದೆ, ಶಾಲೆ ಆಸ್ಪತ್ರೆಗಳಂಥವುಗಳಿಗೆ ಕೆಲವು ವಿನಾಯಿತಿ ಬಿಟ್ಟು. ನಮ್ಮ ಪಿಯುಸಿ ಹುಡುಗಿ ಇದರೊಳಗೆ ಬರುತ್ತಾಳೆ. ತನ್ನ ಮಾಹಿತಿಯನ್ನು ಅಳಿಸಿಹಾಕಿ ಎಂದು ಕೇಳುವ ಹಕ್ಕು 12ನೆಯ ಕಲಮಿನಲ್ಲಿದೆ, ಅಂದರೆ ಬಿಲ್ಲೆಯನ್ನಲ್ಲ, ಪುಸ್ತಕದ ಪುಟವನ್ನು. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂದಕ್ಕೆ ಪಡೆಯುವುದೂ ಅಷ್ಟೇ ಸುಲಭವಿರಬೇಕು. ಒಪ್ಪಿಗೆ ಕೇಳುವ ಬರಹವನ್ನು ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದಲು ಅವಕಾಶವಿರಬೇಕು. ಕನ್ನಡವೂ ಆ ಪಟ್ಟಿಯಲ್ಲಿದೆ. ಫ್ರಾನ್ಸಿನಲ್ಲಿ, ಕುಕಿ ‘ಒಪ್ಪಿದೆ’ ಎನ್ನಲು ಒಂದು ಗುಂಡಿ, ‘ಬೇಡ’ ಎನ್ನಲು ಹಲವು ಗುಂಡಿ ಎಂಬ ಕಾರಣಕ್ಕೆ 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಬಿತ್ತು. ಅಂಥ ಹಲ್ಲು ನಮ್ಮ ಕಾಯಿದೆಗೂ ಮೂಡೀತೆ, ನೋಡಬೇಕು.

ಕದ್ದ ಬಿಲ್ಲೆ

ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಜಾಹೀರಾತಿನ ಕುಕಿ ಬರೇ ಕಿರಿಕಿರಿ. ಆದರೆ ನೀವು ಒಳಹೋದ ಖಾತೆಯ ಕುಕಿ ಮನೆಯ ಬೀಗದ ಕೈ ಇದ್ದಂತೆ. ಅದು ಯಾರ ಕೈಗೆ ಸಿಕ್ಕರೂ ಪಾಸ್‌ವರ್ಡ್ ಬೇಕಿಲ್ಲ, ಒಟಿಪಿಯೂ ಬೇಕಿಲ್ಲ. ಚೀಟಿ ತೋರಿಸಿದರೆ ಒಳಗೆ ಬಿಡುತ್ತಾರೆ. 2019ರಿಂದ ಯೂಟ್ಯೂಬ್ ವಾಹಿನಿ ನಡೆಸುವವರ ಕುಕಿಗಳನ್ನು ಕಳ್ಳ ತಂತ್ರಾಂಶದಿಂದ ಕದ್ದು ವಾಹಿನಿಗಳನ್ನೇ ಅಪಹರಿಸುತ್ತಿದ್ದ ಜಾಲವನ್ನು ಗೂಗಲ್ 2021ರಲ್ಲಿ ಬಯಲಿಗೆಳೆದಿತ್ತು. ಆಟದಲ್ಲಿ ಗೆಲ್ಲುವ ಒಳದಾರಿ, ದುಡ್ಡು ಕೊಡದೆ ಸಿಗುವ ದುಬಾರಿ ತಂತ್ರಾಂಶ ಎಂದು ಆಸೆ ತೋರಿಸುವ ಕಡತಗಳಲ್ಲಿ ಇಂಥ ಕಳ್ಳರು ಅಡಗಿರುತ್ತಾರೆ. ಹೀಗೆ ಬಿಲ್ಲೆ ಕಳುವಾದ ಮೇಲೆ ನಿಮ್ಮ ಕಂಪ್ಯೂಟರಿನ ಕುಕಿ ಅಳಿಸಿ ಫಲವಿಲ್ಲ, ನಕಲು ಅವನ ಬಳಿ ಇರುತ್ತದೆ. ಕಳ್ಳ ತಂತ್ರಾಂಶವಿಲ್ಲದ ಬೇರೊಂದು ಸಾಧನದಿಂದ ‘ಎಲ್ಲ ಸಾಧನಗಳಿಂದ ಲಾಗ್ ಔಟ್’ ಮಾಡಿ ಪಾಸ್‌ವರ್ಡ್ ಬದಲಿಸಬೇಕು. ಲಾಗ್ ಔಟ್ ಮಾಡಿದರೆ ಚೀಟಿಯನ್ನು ಸಾಮಾನ್ಯವಾಗಿ ತಾಣವೇ ರದ್ದುಪಡಿಸುತ್ತದೆ, ಅಳಿಸಿದರೆ ಚೀಟಿ ನಿಮ್ಮ ಡಬ್ಬದಿಂದಷ್ಟೇ ಹೋಗುತ್ತದೆ. ಪ್ರವೇಶಪತ್ರದ ಪ್ರಿಂಟ್ ತೆಗೆಸಲು ರಿಂಗ್ ರಸ್ತೆಯ ಬದಿಯ ಅಂಗಡಿಗೆ ಹೋದಾಗಲೂ ಮೊದಲು ಲಾಗ್ ಔಟ್, ಆಮೇಲೆ ಕುಕಿ.

ಮನೆಯಲ್ಲಿ ಒಂದೇ ಕಂಪ್ಯೂಟರ್ ಇದ್ದರೆ ನಾಲ್ವರಿಗೂ ಬ್ರೌಸರಿನಲ್ಲಿ ನಾಲ್ಕು ‘ಪ್ರೊಫೈಲ್’ ಮಾಡಿಕೊಡಿ. ಖರ್ಚಿಲ್ಲ, ಹತ್ತು ನಿಮಿಷ ಸಾಕು. ಪ್ರತಿಯೊಬ್ಬರ ಬಿಲ್ಲೆಯೂ ಅವರವರ ಡಬ್ಬದಲ್ಲಿರುತ್ತದೆ. ಅಮ್ಮನ ಮಂಡಿ ಅಮ್ಮನಿಗೆ, ಮಗಳ ಹಾಸ್ಟೆಲು ಮಗಳಿಗೆ. ಅವಳು ಯಾವಾಗ ಹೇಳಬೇಕೆಂದುಕೊಂಡಿದ್ದಾಳೋ ಆಗ ಹೇಳಲಿ.

ಅಂದಹಾಗೆ, ಈ ಗುಡಿಸುವ ಕೆಲಸಕ್ಕೆ ಅರ್ಜಿಯ ಕೊನೆಯ ದಿನವನ್ನು ಆರಿಸಬೇಡಿ. ಕುಕಿ ಅಳಿಸಿದರೆ ಅರ್ಧ ತುಂಬಿದ ಅರ್ಜಿಯಿಂದಲೂ ಹೊರಬೀಳುತ್ತೀರಿ. ಶುಲ್ಕ ಕಟ್ಟಿ, ರಸೀತಿ ಕೈಗೆ ಬಂದ ಮೇಲೆ ಒಂದು ಭಾನುವಾರ ಕುಳಿತುಕೊಳ್ಳಿ.